ಕೆಲಸವೇನೋ ಸಿಕ್ಕಿತು, ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವವರು ಯಾರು? – ಸಬಲೀಕರಣ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಅಂಗವಿಕಲರಿಗೆ ದೊರೆತ ಉದ್ಯೋಗ ಉಳಿಯಲು ಮತ್ತು ಅವರು ತಮ್ಮಿಷ್ಟದ ಊರಿನಲ್ಲಿ ಸ್ವತಂತ್ರವಾಗಿ ಬದುಕಲು ಬೇಕಾದ ಆಸರೆಯ ಬಗ್ಗೆ.

ಮಾನ್ಯರೇ,

ನಾನು ತುಂಗಭದ್ರೆಯ ದಡದ ಒಂದು ತಾಲ್ಲೂಕಿನಲ್ಲಿ ಅಂಗವಿಕಲರಿಗೆ ಸರ್ಕಾರದ ಸೌಲಭ್ಯ ತಲುಪಿಸುವ ಪುನರ್ವಸತಿ ಕಾರ್ಯಕರ್ತೆಯಾಗಿ ದುಡಿಯುತ್ತಿದ್ದೇನೆ. ಮೊದಲ 6 ವರ್ಷ ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದೆ, ಆಮೇಲಿನ 8 ವರ್ಷಗಳಿಂದ ತಾಲ್ಲೂಕು ಮಟ್ಟದಲ್ಲಿದ್ದೇನೆ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲಿನ ಬಲ ಹೋಯಿತು; ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುತ್ತೇನೆ. ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಎಂಬ ಪದವಿದೆ. ನಮ್ಮಲ್ಲಿ ಹಲವರಿಗೆ ಆ ಪದ ಒಪ್ಪಿಗೆಯಿಲ್ಲ, ಏಕೆಂದರೆ ಊನವಾಗಿರುವುದು ಅಂಗವೇ ಹೊರತು ಚೇತನವಲ್ಲ. ಆದ್ದರಿಂದ ಈ ಪತ್ರದಲ್ಲಿ ‘ಅಂಗವಿಕಲ’ ಎಂದೇ ಬರೆಯುತ್ತೇನೆ. ನಮ್ಮಂಥ ಕಾರ್ಯಕರ್ತರ ಗೌರವಧನದ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ, ಅದಕ್ಕೆ ಬೇರೆ ಮನವಿ ಸಲ್ಲಿಸಿದ್ದೇವೆ.

ಇಲಾಖೆ ಮಾಡಿರುವ ಒಳ್ಳೆಯ ಕೆಲಸವನ್ನು ಮೊದಲು ಹೇಳದಿದ್ದರೆ ಅದು ಅನ್ಯಾಯವಾಗುತ್ತದೆ. ಯಂತ್ರಚಾಲಿತ ತ್ರಿಚಕ್ರ ವಾಹನ ಬಂದ ಮೇಲೆ ನಮ್ಮ ತಾಲ್ಲೂಕಿನ ಎಷ್ಟೋ ಯುವಕರ ಬದುಕು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಣ್ಣನ ಬೆನ್ನ ಮೇಲೆ ಕೂತು ಪಿಯುಸಿ ಮುಗಿಸಿದ ಹುಡುಗನೊಬ್ಬ ಇವತ್ತು ತನ್ನದೇ ವಾಹನದಲ್ಲಿ 18 ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಮಾಸಾಶನ, ಬಸ್ ಪಾಸು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಸ್ವಂತ ಉದ್ಯೋಗಕ್ಕೆ ಕೊಡುವ ಆಧಾರ ಯೋಜನೆಯ ಸಾಲ ಇವುಗಳಿಂದ ಅನೇಕರಿಗೆ ಉಪಕಾರವಾಗಿದೆ. ಅವುಗಳಲ್ಲಿ ಬಹುಪಾಲು ಅರ್ಜಿಗಳನ್ನು ತುಂಬಿಸಿದ ಕೈ ನನ್ನದೇ ಆದ್ದರಿಂದ ಈ ಮಾತನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ.

ಆದರೂ ಈ ಪತ್ರ ಬರೆಯುವುದಕ್ಕೆ ಕಾರಣ ಒಬ್ಬ ಹುಡುಗಿ. ಅವಳ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಹೇಳದೆ, ಅವಳ ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ.

ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಅವಳ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಕೈಗಳು ಗಟ್ಟಿಯಾಗಿವೆ. ಒಂದೂವರೆ ವರ್ಷ ಹಾಸಿಗೆಯಲ್ಲಿದ್ದು, ಒತ್ತುಹುಣ್ಣುಗಳೊಂದಿಗೆ ಹೋರಾಡಿ, ಗಾಲಿಕುರ್ಚಿಗೆ ಬಂದು, ಬಿಟ್ಟ ಪರೀಕ್ಷೆಗಳನ್ನು ಮುಗಿಸಿ, ಮನೆಯಲ್ಲೇ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಕಲಿತಳು. ಜಿಲ್ಲಾ ಕೇಂದ್ರದ ಉದ್ಯೋಗ ಮೇಳವೊಂದರಲ್ಲಿ ಬೆಂಗಳೂರಿನ ಒಂದು ಲೆಕ್ಕಪತ್ರ ಸಂಸ್ಥೆ ಅವಳನ್ನು ಆರಿಸಿತು. ಸಂಬಳ ತಿಂಗಳಿಗೆ 16,000 ರೂಪಾಯಿ. ಅವಳು ನೇಮಕಾತಿ ಪತ್ರ ಹಿಡಿದು ನಿಂತ ಫೋಟೊ ಮಾರನೆಯ ದಿನದ ಪತ್ರಿಕೆಯಲ್ಲಿ ಬಂತು. ಅವಳ ಅವ್ವ ಆ ಪುಟವನ್ನು ಮಡಚಿ ದೇವರ ಜಗಲಿಯ ಮೇಲಿಟ್ಟರು.

ಕಚೇರಿಯಲ್ಲಿ ಅವಳಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ಲಿಫ್ಟ್ ಇತ್ತು, ಮೇಜಿನ ಎತ್ತರವನ್ನು ಸರಿಪಡಿಸಿಕೊಟ್ಟರು, ಜತೆಯವರು ಒಳ್ಳೆಯವರಾಗಿದ್ದರು. ತೊಂದರೆ ಇದ್ದದ್ದು ಕಚೇರಿಯ ಬಾಗಿಲಿನ ಈಚೆಗೆ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಎದ್ದು, ಶೌಚ ಮತ್ತು ಸ್ನಾನ ಮುಗಿಸಿ, ಬಟ್ಟೆ ತೊಟ್ಟು ಕುರ್ಚಿಗೆ ಬರಲು ಅವಳಿಗೆ ಇನ್ನೊಬ್ಬರ ಕೈ ಒಂದೂವರೆ ಗಂಟೆ ಬೇಕು, ರಾತ್ರಿ ಮಲಗುವಾಗ ಅರ್ಧ ಗಂಟೆ ಬೇಕು. ಉಳಿದ 22 ಗಂಟೆ ಅವಳು ಯಾರನ್ನೂ ಕರೆಯುವುದಿಲ್ಲ. ನಾನು ಅವಳ ಜತೆ ಎರಡು ದಿನ ಬೆಂಗಳೂರಿನಲ್ಲಿದ್ದು 11 ಪಿ.ಜಿ.ಗಳನ್ನು ನೋಡಿದೆ. ಏಳರಲ್ಲಿ ಒಳಗೆ ಹೋಗುವುದಕ್ಕೇ ಮೆಟ್ಟಿಲಿತ್ತು. ಎರಡು ಕಡೆ ‘ಏನಾದರೂ ಆದರೆ ಜವಾಬ್ದಾರಿ ಯಾರದು ಮೇಡಂ’ ಎಂದು ಕೈಮುಗಿದರು. ಕೊಠಡಿ ಕೊಡಲು ಒಪ್ಪಿದ ಇನ್ನೆರಡು ಕಡೆ ಬಚ್ಚಲಿನ ಬಾಗಿಲು 24 ಇಂಚು, ಅವಳ ಕುರ್ಚಿ 26 ಇಂಚು. ಮನೆಗೆ ಬಂದು ನೋಡಿಕೊಳ್ಳುವವರನ್ನು ಕಳಿಸುವ ಏಜೆನ್ಸಿಯನ್ನು ಕೇಳಿದಾಗ, 12 ಗಂಟೆಯ ಪಾಳಿಗೆ ಜನ ಸಿಗುತ್ತಾರೆ, ತಿಂಗಳಿಗೆ 18,000 ರೂಪಾಯಿ, ಎರಡು ಗಂಟೆಯ ಕೆಲಸಕ್ಕೆ ಯಾರನ್ನೂ ಕಳಿಸುವುದಿಲ್ಲ ಎಂದರು. ಬರುವ ಸಂಬಳಕ್ಕಿಂತ ಹೆಚ್ಚು ಕೊಟ್ಟು, ತನಗೆ ಬೇಡದ ಹತ್ತು ಗಂಟೆಯನ್ನೂ ಕೊಂಡುಕೊಳ್ಳುವುದು ಅವಳಿಂದ ಹೇಗೆ ಸಾಧ್ಯ?

ಕೊನೆಗೆ ಅವ್ವನೇ ಹೊರಟು ಬಂದರು. ಕಚೇರಿಯಿಂದ 14 ಕಿಲೋಮೀಟರ್ ದೂರದಲ್ಲಿ ನೆಲಮಹಡಿಯ ಒಂದು ಕೋಣೆ ಸಿಕ್ಕಿತು. ಊರಿನಲ್ಲಿ ಎರಡು ಎಮ್ಮೆ, ಮೂರು ಎಕರೆ ಹೊಲ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಕಿರಿಮಗಳು, ಸಕ್ಕರೆ ಕಾಯಿಲೆಯ ಗಂಡ. ಅವ್ವ ಬಂದ ಮೇಲೆ ಮೊದಲ ತಿಂಗಳಲ್ಲೇ ಎಮ್ಮೆ ಮಾರಿದರು. ಆಟೊ, ಬಾಡಿಗೆ, ಊಟ ಕಳೆದರೆ ಸಂಬಳದಲ್ಲಿ ಉಳಿಯುತ್ತಿದ್ದುದು ಏನೂ ಇಲ್ಲ. ಐದನೇ ತಿಂಗಳಲ್ಲಿ ಅಪ್ಪನ ಕಾಲಿಗೆ ಹುಣ್ಣಾಯಿತೆಂದು ಸುದ್ದಿ ಬಂತು. ಇಬ್ಬರೂ ಊರಿಗೆ ಮರಳಿದರು. ಈಗ ಅವಳು ಮನೆಯ ಪಡಸಾಲೆಯಲ್ಲಿ ಕೂತು ಊರವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆ, ಒಂದಕ್ಕೆ 20 ರೂಪಾಯಿ.

ಆ ವರ್ಷದ ನಮ್ಮ ವರದಿಯಲ್ಲಿ ‘ಉದ್ಯೋಗ ಪಡೆದವರು’ ಎಂಬ ಕಾಲಮಿನಲ್ಲಿ ಅವಳಿದ್ದಾಳೆ. ಆ ಅಂಕಿಯನ್ನು ಬರೆದು ಕಳಿಸಿದವಳು ನಾನೇ. ಐದು ತಿಂಗಳ ನಂತರ ಅವಳು ಮರಳಿ ಬಂದದ್ದನ್ನು ಬರೆಯೋಣವೆಂದರೆ ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ನನ್ನ ಮನಸ್ಸನ್ನು ಅಂದಿನಿಂದ ಕಾಡುತ್ತಿರುವುದು ಇದೇ. ಅವಳ ಸೋಲು ಸರ್ಕಾರದ ಯಾವ ಕಾಗದದಲ್ಲೂ ಇಲ್ಲದಿರುವಾಗ, ಅದಕ್ಕೆ ಕಾರಣ ಹುಡುಕುವ ಕೆಲಸ ಯಾರ ಪಾಲಿಗೂ ಬರುವುದಿಲ್ಲ.

ಮಾನ್ಯರೇ, ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಉದ್ಯೋಗ ಕೊಡಿಸುವುದು ಒಂದು ಯೋಜನೆ, ಬದುಕಲು ಆಸರೆ ಕೊಡುವುದು ಮತ್ತೊಂದು ಯೋಜನೆ ಎಂದು ಸರ್ಕಾರ ಎರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟಿದೆ. ಅಂಗವಿಕಲರ ಬದುಕಿನಲ್ಲಿ ಅವು ಬೇರೆಯಲ್ಲ. ಬೆಳಿಗ್ಗೆ ಎದ್ದು ಹೊರಡಲಾಗದವರಿಗೆ ಕೊಟ್ಟ ನೇಮಕಾತಿ ಪತ್ರ ಉಪಯೋಗಕ್ಕೆ ಬಾರದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು ಬಲ್ಲದು. ಅದರ 5ನೇ ಕಲಮು ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎಂದೂ, ಇಂಥ ಕಡೆಯೇ ಇರಬೇಕೆಂದು ಯಾರೂ ಅವರನ್ನು ಕಟ್ಟುಪಾಡಿಗೆ ಒಳಪಡಿಸಬಾರದು ಎಂದೂ, ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ವೈಯಕ್ತಿಕ ಸಹಾಯಕರೂ ಸೇರಿದ ನೆರವು ಅವರಿಗೆ ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕೆಂದೂ ಹೇಳುತ್ತದೆ. 38ನೇ ಕಲಮು, ಹೆಚ್ಚಿನ ಆಸರೆ ಬೇಕಾದವರು ಅದಕ್ಕಾಗಿ ಅರ್ಜಿ ಹಾಕಿಕೊಳ್ಳುವ ದಾರಿಯನ್ನು ತೋರಿಸುತ್ತದೆ. ಇದಕ್ಕೆ ಬುನಾದಿಯಾದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದೇ ಸ್ಥಿರೀಕರಿಸಿದೆ. ನನ್ನ 14 ವರ್ಷಗಳಲ್ಲಿ ಸಾವಿರಾರು ಅರ್ಜಿ ಬರೆಸಿದ್ದೇನೆ. 38ನೇ ಕಲಮಿನ ಅಡಿಯಲ್ಲಿ ಸಹಾಯಕರನ್ನು ಪಡೆದ ಒಬ್ಬರನ್ನೂ ನಮ್ಮ ತಾಲ್ಲೂಕಿನಲ್ಲಿ ಕಂಡಿಲ್ಲ.

ಕುಟುಂಬ ಇದೆಯಲ್ಲ ಎಂಬ ಉತ್ತರ ಬರುತ್ತದೆ. ನಮ್ಮ ಕುಟುಂಬಗಳು ಮಾಡುವಷ್ಟನ್ನು ಯಾರೂ ಮಾಡಲಾರರು, ಅದನ್ನು ನಾನು ಬಲ್ಲೆ. ನನ್ನನ್ನು ಐದನೇ ತರಗತಿಯವರೆಗೆ ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು ನನ್ನ ಅಜ್ಜಿ. ಆದರೆ ಕುಟುಂಬವೆಂದರೆ ನಡೆಯುವುದರಲ್ಲಿ ಬಹುತೇಕ ಒಬ್ಬ ತಾಯಿ, ಒಬ್ಬ ಅಕ್ಕ ಅಥವಾ ಒಬ್ಬ ಹೆಂಡತಿ. ಆಕೆ ತನ್ನ ಕೂಲಿ, ಓದು, ಕೆಲವೊಮ್ಮೆ ಮದುವೆಯನ್ನೂ ಬಿಟ್ಟು ನಿಲ್ಲುತ್ತಾಳೆ. ಆಕೆಗೆ ಕಾಯಿಲೆಯಾದ ದಿನ ಇಬ್ಬರ ಬದುಕೂ ಒಟ್ಟಿಗೇ ನಿಲ್ಲುತ್ತದೆ. ಆರೈಕೆ ಮಾಡುವ ಮನೆಯವರಿಗೆ ಭತ್ಯೆ ಕೊಡಬೇಕೆಂಬ ಮಾತನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಇಲ್ಲಿ ಕೇಳುತ್ತಿರುವುದು ಅದಲ್ಲ: 26 ವರ್ಷದ ಮಗಳು ತನಗೆ ಬೇಕಾದ ಸಹಾಯಕಿಯನ್ನು ತಾನೇ ಆರಿಸಿ, ಸಮಯ ಗೊತ್ತುಮಾಡಿ, ಸರಿಬಾರದಿದ್ದರೆ ಬದಲಿಸಿಕೊಳ್ಳುವ ಅಧಿಕಾರ.

ಮಾಸಾಶನದ ವಿಷಯ ಇದಕ್ಕೆ ಹೊಂದಿಕೊಂಡೇ ಇದೆ. ಕುಟುಂಬದ ವಾರ್ಷಿಕ ಆದಾಯ ಒಂದು ಮಿತಿಯೊಳಗಿದ್ದರೆ ಮಾತ್ರ ಮಾಸಾಶನ ಸಿಗುತ್ತದೆ. ಕೆಲಸಕ್ಕೆ ಸೇರಿದವರಿಗೆ ಅದು ನಿಲ್ಲುತ್ತದೆ, ಕೆಲಸ ಹೋದರೆ ಮತ್ತೆ ಆದಾಯ ಪ್ರಮಾಣ ಪತ್ರ, ಅರ್ಜಿ, ಪರಿಶೀಲನೆ, ತಿಂಗಳುಗಟ್ಟಲೆ ಅಲೆದಾಟ. ಹಾಗಾಗಿ ‘ಬರೋದು ಎಷ್ಟೇ ಇರಲಿ, ತಪ್ಪದೆ ಬರ್ತದಲ್ಲ, ಕೆಲಸ ನಂಬಿ ಇದನ್ನ ಕಳಕೊಬ್ಯಾಡ’ ಎಂದು ಹಿರಿಯರು ಮಕ್ಕಳನ್ನು ತಡೆಯುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಹೊಸ ಕೆಲಸವೊಂದರಲ್ಲಿ ಕಾಲೂರಲು ಯಾರಿಗಾದರೂ ಒಂದೆರಡು ವರ್ಷ ಬೇಕು, ಅಂಗವಿಕಲರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಕ್ಯಾಲಿಪರ್ ಬದಲಿಸುವ ಖರ್ಚು, ಬಸ್ಸು ಹತ್ತಲಾಗದೆ ಹಿಡಿಯುವ ಆಟೊದ ಖರ್ಚು ಸಂಬಳ ಬಂದ ಕೂಡಲೇ ನಿಲ್ಲುವಂಥವಲ್ಲ. ಬಡತನಕ್ಕೆ ಕೊಡುವ ಸಹಾಯ ಬೇರೆ, ಅಂಗವೈಕಲ್ಯದಿಂದ ಬರುವ ಹೆಚ್ಚುವರಿ ವೆಚ್ಚಕ್ಕೆ ಕೊಡುವ ಸಹಾಯ ಬೇರೆ ಎಂಬುದನ್ನು ನಮ್ಮ ಮಾಸಾಶನದ ನಿಯಮ ಇನ್ನೂ ಗುರುತಿಸಿಲ್ಲ.

ಸರ್ಕಾರಿ ಕೆಲಸ ಸಿಕ್ಕವರ ಸ್ಥಿತಿಯನ್ನೂ ಹೇಳಬೇಕು. 34ನೇ ಕಲಮಿನ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ಇದೆ. ಬಡ್ತಿಯಲ್ಲಿಯೂ ಮೀಸಲಾತಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಎತ್ತಿಹಿಡಿದದ್ದು ನಮ್ಮ ರಾಜ್ಯದಿಂದಲೇ ಹೋದ ಸಿದ್ದರಾಜು ಪ್ರಕರಣದಲ್ಲಿ. ಈ ಮೀಸಲಾತಿಯಿಂದ ನನಗೆ ಪರಿಚಯದ ಒಬ್ಬ ಅಂಧ ಯುವಕರು ಒಂದು ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಸೇರಿದರು. ಕನ್ನಡ ಎಂ.ಎ. ಮಾಡಿದವರು, ಕಂಪ್ಯೂಟರನ್ನು ನನಗಿಂತ ಚುರುಕಾಗಿ ಬಳಸುವವರು. ಮೊದಲ ಏಳು ತಿಂಗಳು ಅವರಿಗೆ ಒಂದು ಕುರ್ಚಿ ಕೊಟ್ಟು ‘ಆರಾಮಾಗಿ ಕೂತ್ಕೊಳ್ಳಿ, ಸಂಬಳ ಬರ್ತದೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತದು, ಆದರೆ ಆ ಮಾತು ತನ್ನನ್ನು ದಿನಾ ಕುಗ್ಗಿಸಿತು ಎಂದು ಅವರು ನನ್ನೆದುರು ಕಣ್ಣೀರು ಹಾಕಿದರು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿಕೊಳ್ಳಲು ಅನುಮತಿ ಸಿಗುವುದಕ್ಕೇ ಅಷ್ಟು ಕಾಲ ಹಿಡಿಯಿತು.

ಅನುಮತಿ ಸಿಕ್ಕ ಮೇಲೆ ಇನ್ನೊಂದು ಗೋಡೆ ಎದುರಾಯಿತು. ಕಚೇರಿಯ ಹಳೆಯ ಕಡತಗಳು, ಸುತ್ತೋಲೆಗಳು ಬಹಳಷ್ಟು, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟದ ಒಳಗೆ ಕಂಪ್ಯೂಟರಿಗೆ ಸಿಗುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ತಂತ್ರಾಂಶ ಅದನ್ನೇ ಗಟ್ಟಿಯಾಗಿ ಓದುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಹಂಚುವ ಆದೇಶಗಳಂತೂ ಬರೀ ಚಿತ್ರ, ಅವುಗಳ ಮುಂದೆ ತಂತ್ರಾಂಶ ಮೂಕವಾಗುತ್ತದೆ. ಅಂಗವಿಕಲರ ಕಲ್ಯಾಣಕ್ಕೆ ಸಂಬಂಧಿಸಿದ ಒಂದು ಸುತ್ತೋಲೆಯನ್ನೇ ಅವರು ಓದಲಾಗದೆ ನನಗೆ ಫೋನ್ ಮಾಡಿ ಓದಿಸಿಕೊಂಡಿದ್ದಾರೆ. ಕನ್ನಡದಲ್ಲಿ ಆಡಳಿತ ನಡೆಯಬೇಕೆಂದು ಆಸೆಪಡುವ ನಾವು, ಆ ಕನ್ನಡ ಎಲ್ಲ ಕನ್ನಡಿಗರಿಗೂ ಓದಲು ಸಿಗುವಂತಿದೆಯೇ ಎಂದು ನೋಡಲೇಬೇಕು. ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಎಲ್ಲ ಇಲಾಖೆಗಳೂ ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು, ಸ್ಕ್ಯಾನ್ ಪ್ರತಿಯ ಜತೆಗೆ ಪಠ್ಯದ ಪ್ರತಿಯನ್ನೂ ಹಾಕಬೇಕು ಎಂಬ ನಿಯಮ ಕಟ್ಟುನಿಟ್ಟಾಗಿ ಜಾರಿಯಾದರೆ ಸಾಕು.

ಖಾಸಗಿ ಕಾರ್ಖಾನೆಯ ಒಂದು ಉದಾಹರಣೆ ಕೊಡುತ್ತೇನೆ. ಐಟಿಐ ಫಿಟ್ಟರ್ ಮುಗಿಸಿದ ಕಿವುಡ ಹುಡುಗನೊಬ್ಬ ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿದ. ‘ಸೈರನ್ ಕೇಳಿಸೋದಿಲ್ಲ, ಅಪಾಯ’ ಎಂದು ಮೂರನೇ ವಾರದಲ್ಲಿ ಬಿಡಿಸಿದರು. ಅದೇ ಹುಡುಗ ಈಗ ಇನ್ನೊಂದು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷದಿಂದ ಲೇತ್ ನಡೆಸುತ್ತಿದ್ದಾನೆ. ಅಲ್ಲಿನ ಮಾಲೀಕರು ಮಾಡಿದ್ದು ಇಷ್ಟೇ: ಸೈರನ್ನಿನ ತಂತಿಗೆ ಕೆಂಪು ದೀಪವನ್ನೂ ಸೇರಿಸಿದರು, ದಿನದ ಕೆಲಸವನ್ನು ಹಲಗೆಯ ಮೇಲೆ ಬರೆಯತೊಡಗಿದರು, ಅವನಿಂದಲೇ ನಾಲ್ಕು ಜನ 40–50 ಸನ್ನೆಗಳನ್ನು ಕಲಿತರು. ಕಾಯ್ದೆಯ 20ನೇ ಕಲಮು ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಇಂಥ ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕೆಂದು ವಿಧಿಸುತ್ತದೆ. 21ನೇ ಕಲಮು ಖಾಸಗಿಯವರನ್ನೂ ಬಿಡುವುದಿಲ್ಲ: ಕಾಯ್ದೆಯ ನಿಯಮಗಳಂತೆ 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ, ಅಂಗವಿಕಲರಿಗೆ ಯಾವ ಹುದ್ದೆ ಸೂಕ್ತ, ಯಾವ ಸೌಲಭ್ಯ ಕೊಡುತ್ತೇವೆ ಎಂಬುದನ್ನು ಬಿಡಿಸಿ ಹೇಳುವ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. ನಮ್ಮ ಭಾಗದಲ್ಲಿ ನಾನು ಭೇಟಿಯಾದ ಒಂಬತ್ತು ಮಾಲೀಕರಲ್ಲಿ ಎಂಟು ಮಂದಿಗೆ ಇಂಥದೊಂದು ಕರ್ತವ್ಯವಿದೆ ಎಂಬುದೇ ತಿಳಿದಿರಲಿಲ್ಲ. ಅವರಲ್ಲಿ ಇಬ್ಬರು, ‘ನಮಗೆ ಯಾರಾದರೂ ಬಂದು ಹೇಗೆ ಮಾಡಬೇಕೆಂದು ತೋರಿಸಿಕೊಟ್ಟರೆ ಮಾಡ್ತೀವಿ’ ಎಂದೂ ಹೇಳಿದರು.

ತೋರಿಸಿಕೊಡುವುದು ಎಂಬ ಆ ಮಾತೇ ಮುಖ್ಯವಾದದ್ದು. ಬೌದ್ಧಿಕ ಅಂಗವೈಕಲ್ಯವಿರುವ 28 ವರ್ಷದ ಒಬ್ಬ ಯುವಕ ನಮ್ಮ ತಾಲ್ಲೂಕಿನಲ್ಲಿದ್ದಾನೆ. ಪೇಟೆಯ ಒಂದು ನರ್ಸರಿಯವರು ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸ ಕೊಡಲು ಒಪ್ಪಿದರು. ಅವನಿಗೆ ಬಸ್ಸಿನ ಬೋರ್ಡು ಓದಲು ಬಾರದು. ನಮ್ಮ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಮಗೂ ಒಂದು ಕೈ ಸ್ವಾಧೀನವಿಲ್ಲದಿದ್ದರೂ, 19 ದಿನ ಅವನ ಜತೆ ಬಸ್ಸಿನಲ್ಲಿ ಹೋಗಿ ಬಂದರು. ಮೊದಲ ವಾರ ಪಕ್ಕದಲ್ಲಿ ಕೂತರು, ಎರಡನೇ ವಾರ ಎರಡು ಸೀಟು ಹಿಂದೆ, ಆಮೇಲೆ ಬಸ್ಸಿನ ಹಿಂದೆ ಬೈಕಿನಲ್ಲಿ. ಹುಣಸೆಮರ ದಾಟಿದ ಮೇಲೆ ಬರುವ ಎರಡನೇ ನಿಲುಗಡೆಯಲ್ಲಿ ಇಳಿಯಬೇಕು ಎಂದು ಅವನಿಗೆ ಈಗ ಗೊತ್ತು. ನರ್ಸರಿಯಲ್ಲಿ ಚೀಲದ ಮೇಲೆ ಎಲ್ಲಿಯವರೆಗೆ ಮಣ್ಣು ಬರಬೇಕೆಂದು ಬಣ್ಣದ ಗೆರೆ ಎಳೆದುಕೊಟ್ಟರು. ಮೂರು ವರ್ಷವಾಯಿತು, ಅವನು ರಜೆ ಹಾಕಿದ್ದು ಹಬ್ಬಕ್ಕೆ ಮಾತ್ರ. ಆ 19 ದಿನಗಳ ಕೆಲಸಕ್ಕೆ ನಮ್ಮ ಕಾರ್ಯಕರ್ತರಿಗೆ ಬಸ್ಸಿನ ಖರ್ಚೂ ಸಿಗಲಿಲ್ಲ, ಏಕೆಂದರೆ ಅಂಥದೊಂದು ಕೆಲಸವೇ ನಮ್ಮ ಕರ್ತವ್ಯಗಳ ಪಟ್ಟಿಯಲ್ಲಿಲ್ಲ. ಕೆಲಸದ ಜಾಗಕ್ಕೇ ಹೋಗಿ, ಕಲಿಸಿ, ಮೆಲ್ಲಗೆ ಹಿಂದೆ ಸರಿಯುವ ಇಂಥವರನ್ನು ಈ ಕ್ಷೇತ್ರದಲ್ಲಿ ಜಾಬ್ ಕೋಚ್ ಎನ್ನುತ್ತಾರೆ. ಬೆಂಗಳೂರಿನ ಕೆಲವು ಸ್ವಯಂಸೇವಾ ಸಂಸ್ಥೆಗಳು ಈ ಬಗೆಯ ಕೆಲಸವನ್ನು ವರ್ಷಗಳಿಂದ ಮಾಡುತ್ತಿವೆ. ತಾಲ್ಲೂಕುಗಳಲ್ಲಿ ಅದನ್ನು ಮಾಡಬಲ್ಲ ಜನ ನಾವಿದ್ದೇವೆ, ನಮಗೆ ತರಬೇತಿ ಮತ್ತು ಅಧಿಕಾರ ಬೇಕು.

ಆ ಯುವಕನ ತಾಯಿಗೆ 63 ವರ್ಷ. ‘ದುಡೀತಾನೆ ಸರಿ, ನಾ ಹೋದ ಮ್ಯಾಲೆ ಇವನು ಎಲ್ಲಿ ಮಲಗ್ತಾನೆ’ ಎಂದು ಅವರು ನನ್ನನ್ನು ಕೇಳುತ್ತಾರೆ. ದೂರದ ಯಾವುದೋ ಆಶ್ರಮಕ್ಕೆ ಸೇರಿಸಿದರೆ ನರ್ಸರಿ, ಹುಣಸೆಮರ, ಅವನನ್ನು ಹೆಸರು ಹಿಡಿದು ಕರೆಯುವ ಕಂಡಕ್ಟರು ಎಲ್ಲವೂ ಹೋಗುತ್ತದೆ. ಅದೇ ಪೇಟೆಯಲ್ಲಿ ನಾಲ್ಕೈದು ಜನ ಒಬ್ಬ ಸಹಾಯಕರ ಜತೆ ಇರುವ ಒಂದು ಸಾಮಾನ್ಯ ಬಾಡಿಗೆ ಮನೆ ಸಾಕು. ಅಂಥ ಮನೆಗೆ ನೆರವು ಕೊಡುವ ದಾರಿ ನಮ್ಮ ತಾಲ್ಲೂಕಿನಲ್ಲಿ ಇನ್ನೂ ತೆರೆದಿಲ್ಲ.

ಅಂಗವಿಕಲರು ದುಡಿದು ಗೌರವದಿಂದ ಬದುಕುವುದನ್ನು ಕನ್ನಡನಾಡು ನೋಡಿಯೇ ಇಲ್ಲವೆಂದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರ ಗವಾಯಿಗಳು, ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಒಂದೇ ಕಡೆ ಕೊಟ್ಟರು. ಅಲ್ಲಿ ಕಲಿತವರು ಗಾಯಕರಾಗಿ, ಸಂಗೀತ ಶಿಕ್ಷಕರಾಗಿ ನಾಡಿನುದ್ದಕ್ಕೂ ದುಡಿಯುತ್ತಿದ್ದಾರೆ. ವಿದ್ಯೆಯನ್ನೂ ಇರುವ ನೆಲೆಯನ್ನೂ ಒಟ್ಟಿಗೇ ಕೊಟ್ಟದ್ದರಿಂದ ಅದು ಫಲಿಸಿತು ಎಂದು ನನ್ನ ನಂಬಿಕೆ. ಆದರೆ ಎಲ್ಲ ಅಂಗವಿಕಲರೂ ಒಂದು ಮಠದ ಕರುಣೆಯಲ್ಲೋ ಒಂದೇ ವಿದ್ಯೆಯ ಬಲದಲ್ಲೋ ಬದುಕಲಾಗದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ಅಂಗವಿಕಲರಿದ್ದರು. ಆಗ ಎಣಿಸಿದ್ದು 8 ಬಗೆಯ ಅಂಗವೈಕಲ್ಯವನ್ನು, 2016ರ ಕಾಯ್ದೆ ಗುರುತಿಸುವುದು 21 ಬಗೆಯನ್ನು.

ಕಟ್ಟಡಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಯ್ದೆಯ ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಅಂಗವಿಕಲಸ್ನೇಹಿ ಮಾಡಬೇಕಿತ್ತು. ಆ ಗಡುವು 2022ರ ಜೂನ್‌ನಲ್ಲಿ ಮುಗಿದಿದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ನಾನು ಕೆಲಸದ ಮೇಲೆ ಹೋಗುವ ಒಂದು ಸರ್ಕಾರಿ ಕಟ್ಟಡದಲ್ಲಿ ಇಳಿಜಾರು ಹಾದಿ ಕಟ್ಟಿದ್ದಾರೆ, ಅದರ ಮೇಲಿನ ತುದಿಯಲ್ಲಿರುವ ಬಾಗಿಲಿಗೆ ಸದಾ ಬೀಗ. ಅಲ್ಲಿ ಸಭೆಯಿರುವ ದಿನ ಬೆಳಿಗ್ಗೆಯಿಂದ ನಾನು ನೀರು ಕುಡಿಯುವುದಿಲ್ಲ, ಏಕೆಂದರೆ ಶೌಚಾಲಯ ಮೊದಲ ಮಹಡಿಯಲ್ಲಿದೆ. ದಿನವಿಡೀ ಕೆಲಸ ಮಾಡುವ ಅಂಗವಿಕಲ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಹೀಗೆ ಬಾಯಾರಿಕೆ ತಡೆದುಕೊಂಡು ದುಡಿಯುತ್ತಾರೆ ಎಂದು ತಾವೇ ಒಮ್ಮೆ ವಿಚಾರಿಸಬೇಕೆಂದು ಬೇಡುತ್ತೇನೆ.

ನನ್ನ ಮನವಿಗಳು ಇವು. ಎಲ್ಲಕ್ಕೂ ಮೊದಲನೆಯದು ವೈಯಕ್ತಿಕ ನೆರವು ಭತ್ಯೆ. ಉದ್ಯೋಗದಲ್ಲಿರುವ ಅಥವಾ ಉನ್ನತ ಶಿಕ್ಷಣ, ತರಬೇತಿ ಪಡೆಯುತ್ತಿರುವ, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ದಿನಕ್ಕೆ ಬೇಕಾದಷ್ಟು ಗಂಟೆಗಳ ಸಹಾಯಕರನ್ನು ತಾವೇ ನೇಮಿಸಿಕೊಳ್ಳಲು ಆ ಭತ್ಯೆಯನ್ನು ನೇರವಾಗಿ ಅವರ ಖಾತೆಗೆ ಕೊಡಬೇಕು. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಬೆಂಗಳೂರು ಮತ್ತು ಎರಡು ಮೂರು ಜಿಲ್ಲಾ ಕೇಂದ್ರಗಳಲ್ಲಿ ಶುರುಮಾಡಲಿ. ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರಿಗೆ ತರಬೇತಿ ಕೊಟ್ಟರೆ, ಒಬ್ಬ ಸಹಾಯಕಿ ಒಂದೇ ಬಡಾವಣೆಯ ಮೂರು ನಾಲ್ಕು ಜನರಿಗೆ ಗಂಟೆಗಳ ಲೆಕ್ಕದಲ್ಲಿ ನೆರವಾಗಬಲ್ಲಳು. ಅವಳಿಗೂ ಅದೊಂದು ಗೌರವದ ದುಡಿಮೆ. ಅದರ ಜತೆಗೇ, ನಗರಗಳಲ್ಲಿ ಕೆಲಸಕ್ಕೆ ಸೇರುವ ಅಂಗವಿಕಲರಿಗೆ ಮೊದಲ ವರ್ಷದ ಬಾಡಿಗೆಗೆ ಸಹಾಯ, ಸರ್ಕಾರಿ ವಸತಿ ಯೋಜನೆಗಳಲ್ಲಿ ಕಾಯ್ದೆಯ 37ನೇ ಕಲಮು ಹೇಳುವ ಶೇ 5ರ ಪಾಲಿನ ಮನೆಗಳು ನೆಲಮಹಡಿಯಲ್ಲೇ, ಅಗಲವಾದ ಬಚ್ಚಲು ಬಾಗಿಲಿನೊಂದಿಗೆ ಸಿಗುವಂತೆ ಕಟ್ಟುನಿಟ್ಟು, ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯಗಳಲ್ಲಿ ಸಹಾಯಕಿಯೊಡನೆ ಇರುವ ಅವಕಾಶ ಇವು ಬೇಕು.

ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ ಎರಡು ವರ್ಷ ಮಾಸಾಶನವನ್ನು ನಿಲ್ಲಿಸಬಾರದು, ಆಮೇಲೆ ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಒಂದು ಪತ್ರದ ಮೇಲೆ ಅದು ಮತ್ತೆ ಶುರುವಾಗಬೇಕು. ತಾಲ್ಲೂಕಿಗೆ ಕನಿಷ್ಠ ಇಬ್ಬರು ಪುನರ್ವಸತಿ ಕಾರ್ಯಕರ್ತರಿಗೆ ಜಾಬ್ ಕೋಚ್ ತರಬೇತಿ ಕೊಡಿಸಿ, ಪ್ರಯಾಣ ವೆಚ್ಚ ಕೊಟ್ಟು, ಒಬ್ಬೊಬ್ಬ ಉದ್ಯೋಗಿಯ ಜತೆ ಒಂದು ವರ್ಷ ಸಂಪರ್ಕದಲ್ಲಿರುವುದನ್ನು ಅವರ ಕರ್ತವ್ಯವಾಗಿಸಬೇಕು. ಸರ್ಕಾರಿ ಸೇವೆಗೆ ಸೇರುವ ಅಂಗವಿಕಲರಿಗೆ ಬೇಕಾದ ತಂತ್ರಾಂಶ ಮತ್ತು ಸಲಕರಣೆ 30 ದಿನದೊಳಗೆ ಸಿಗಬೇಕು. ಕಾಯ್ದೆಯ 23ನೇ ಕಲಮಿನಂತೆ ನೇಮಿಸಬೇಕಾದ ಕುಂದುಕೊರತೆ ನಿವಾರಣಾ ಅಧಿಕಾರಿಯ ಹೆಸರು ಪ್ರತಿ ಕಚೇರಿಯ ಫಲಕದಲ್ಲಿರಬೇಕು. ಸಮಾನ ಅವಕಾಶ ನೀತಿಯನ್ನು ನೋಂದಾಯಿಸಿದ ಖಾಸಗಿ ಸಂಸ್ಥೆಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಬೇಕು, ಕಾರ್ಮಿಕ ಇಲಾಖೆಯವರು ತಪಾಸಣೆಗೆ ಹೋದಾಗ ಆ ನೀತಿಯ ಪ್ರತಿಯನ್ನು ಕೇಳುವಂತಾಗಬೇಕು.

ಕೊನೆಯದಾಗಿ, ಒಂದು ಕಾಗದದ ಮೇಲಿನ ಬದಲಾವಣೆ. ‘ಉದ್ಯೋಗ ಪಡೆದವರು’ ಎಂಬ ಕಾಲಮಿನ ಪಕ್ಕದಲ್ಲಿ ‘3 ತಿಂಗಳ ನಂತರ’, ‘6 ತಿಂಗಳ ನಂತರ’, ‘1 ವರ್ಷದ ನಂತರ’ ಎಂಬ ಮೂರು ಕಾಲಮುಗಳನ್ನೂ, ಬಿಟ್ಟವರು ಏಕೆ ಬಿಟ್ಟರು ಎಂದು ಅವರ ಮಾತಿನಲ್ಲೇ ಬರೆಯಲು ನಾಲ್ಕು ಸಾಲಿನ ಜಾಗವನ್ನೂ ಸೇರಿಸಬೇಕು. ಇದಕ್ಕೆ ಸಂಪುಟದ ಒಪ್ಪಿಗೆಯೂ ಬೇಡ, ಅನುದಾನವೂ ಬೇಡ. ತಮ್ಮ ಒಂದು ಸೂಚನೆ ಸಾಕು. ಮುಂದಿನ ವರದಿಯ ಹೊತ್ತಿಗೆ ಆ ನಮೂನೆ ಬಂದರೆ, ನಾನು ಮೊದಲು ತುಂಬುವ ಹೆಸರು ಆ ಹುಡುಗಿಯದು. ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯವರು ಈಗಲೂ ‘ಬರುವುದಾದರೆ ಬಾ’ ಎನ್ನುತ್ತಾರೆ. ಬೆಳಿಗ್ಗೆ ಒಂದೂವರೆ ಗಂಟೆ ಮತ್ತು ರಾತ್ರಿ ಅರ್ಧ ಗಂಟೆಯ ನೆರವು, ಗಾಲಿಕುರ್ಚಿ ಹಿಡಿಸುವ ಒಂದು ಬಚ್ಚಲು ಸಿಕ್ಕಿದರೆ ಹೊರಡಲು ಅವಳು ಸಿದ್ಧಳಿದ್ದಾಳೆ. ಅವಳ ಪರವಾಗಿ 38ನೇ ಕಲಮಿನ ಅಡಿಯಲ್ಲಿ ಬರೆದ ಅರ್ಜಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಅದಕ್ಕೆ ತಮ್ಮ ಲಿಖಿತ ಉತ್ತರವನ್ನು ಎದುರು ನೋಡುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ತಾಲ್ಲೂಕು ಮಟ್ಟದ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ